ಫ್ರೈಹೆರ್ ಸಾಹೇಬರೂ ಎಂ.ಕೆ. ಮಂಜುನಾಥನೂ

ಕಳೆದ ವಾರ ಕೊಚ್ಚಿಯ ನಮ್ಮ ಆಫೀಸಿಗೆ ಒಬ್ಬ ಪಾಳೇಗಾರ ಬಂದಿದ್ದ. ಕುದುರೆ ಏರಿ ಅಲ್ಲ, ಆಟೋದಲ್ಲಿ.

ಜರ್ಮನಿಯ ಕ್ಲೈಂಟ್. ಹೆಸರು ಮಾರ್ಟಿನ್ ಫ್ರೈಹೆರ್ ಫೊನ್ ಆಲ್ಟನ್‌ಬಾಖ್. (ವಿಸಿಟಿಂಗ್ ಕಾರ್ಡಿನಲ್ಲಿ ಎರಡು ಸಾಲು!) ಫ್ರೈಹೆರ್ ಅಂದರೆ ಬ್ಯಾರನ್ ಎಂದು ಮ್ಯಾನೇಜರ್ ಸಾರಿದ್ದೇ ತಡ, ಎಲ್ಲರ ಬೆನ್ನೂ ಬಾಗಿತು. ಸೆಲ್ಫಿಗೆ ಕ್ಯೂ. ನಾನೂ ಒಂದು ತೆಗೆಸಿಕೊಂಡು ಕನ್ನಡಿಗರ ವಾಟ್ಸಾಪ್ ಗ್ರೂಪಿಗೆ ಹಾಕಿದೆ: ‘ಬ್ಯಾರನ್ ಜೊತೆ. ಮುಂದಿನ ವಾರ ಇವರು ತಿರುವನಂತಪುರಕ್ಕೆ.’

ಸಂಜೆ ನಾನೂ ನಮ್ಮ ಟೀಮಿನ ಮಂಜುನಾಥನೂ ಅವನಿಗೆ ಮಟ್ಟಾಂಚೇರಿ ತೋರಿಸಲು ಹೋದೆವು. ಮಸಾಲೆ ಗೋದಾಮಿನ ಮುಂದೆ ಸೀನುತ್ತಲೇ ಅವನು ತನ್ನ ಹೆಸರು ಬಿಡಿಸಿದ. ಫ್ರೈಹೆರ್ ಎಂದರೆ ಸ್ವತಂತ್ರ ಒಡೆಯ. ಫೊನ್ ಎಂದರೆ ಆ ಊರಿನವನು. ನೂರು ವರ್ಷದ ಹಿಂದೆಯೇ ಅಲ್ಲಿನ ಕಾನೂನು ದೊಡ್ಡಸ್ತಿಕೆಯನ್ನೆಲ್ಲ ಕಿತ್ತುಕೊಂಡಿತಂತೆ. ಬಿರುದು ಸರ್‌ನೇಮ್ ಆಗಿ ಉಳಿಯಿತು, ಅಷ್ಟೆ.

“ಈಗ ಅದು ಬರೀ ಹೆಸರು. ನಿನ್ನದರ ಅರ್ಥ?” ಎಂದು ಮಂಜುನಾಥನನ್ನು ಕೇಳಿದ.

“ಎಂ ನಮ್ಮೂರು, ಕೆ ನಮ್ಮಪ್ಪ” ಎಂದಷ್ಟೇ ಹೇಳಿ ಮಂಜುನಾಥ ಮುಂದಿನ ಅಂಗಡಿಯತ್ತ ನಡೆದ.

ಅವನು ಅಷ್ಟಕ್ಕೇ ನಿಲ್ಲಿಸಿದ್ದು ಯಾಕೆಂದು ನನಗೆ ಗೊತ್ತಿತ್ತು. ಅವನ ತಾಯಿಗೆ ತಿರುವನಂತಪುರದಲ್ಲಿ ರೇಡಿಯೇಷನ್. ಆಸ್ಪತ್ರೆಗೆ ಹತ್ತಿರ, ಉಳ್ಳೂರಿನಲ್ಲಿ, ನೆಲಮಹಡಿಯ ಮನೆಯೊಂದಿದೆ ಎಂದು ಅದೇ ವಾಟ್ಸಾಪ್ ಗ್ರೂಪಿನಲ್ಲಿ ಕಾಸರಗೋಡಿನ ಹಿರಿಯರೊಬ್ಬರು ಹಾಕಿದ್ದರು. ‘ಕನ್ನಡದವರಿಗೇ ಆದ್ಯತೆ.’ ನಮ್ಮವರು ಅಂತ ಖುಷಿಯಾಗಿತ್ತು. ಅವತ್ತೇ ಕೊಚ್ಚಿಯ ವೈಟ್ಟಿಲ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಂಜುನಾಥ ಫೋನ್ ಮಾಡಿದ. ಗದ್ದಲಕ್ಕೆ ಸ್ಪೀಕರ್ ಹಾಕಿದ್ದ, ಹಿರಿಯರ ಮಾತು ನಾನೂ ಕೇಳಿಸಿಕೊಂಡೆ.

“ಎಂ ಊರು, ಕೆ ತಂದೆ. ಸರಿ. ಮತ್ತೆ?”

“ಮತ್ತೇನಿಲ್ಲ ಸಾರ್. ಅಷ್ಟೇ.”

“ಏನಿಲ್ಲ ಅಂದ್ರೆ ಹೇಗೆ ಮಾರಾಯ್ರೇ? ಎಂತಾದ್ರೂ ಇರ್ತದಲ್ಲ?”

ಇತ್ತು. ಹೇಳಿದ. ಆ ಕಡೆ ಒಂದು ಕೆಮ್ಮು. “ಓ... ಮನೆ ನಿನ್ನೆಯೇ ಕೊಟ್ಟಾಯ್ತು.”

ಈಗ ಆ ತಾಯಿ ಲಿಫ್ಟಿಲ್ಲದ ಲಾಡ್ಜಿನ ಮೂರನೇ ಮಹಡಿಯಲ್ಲಿದ್ದಾರೆ. ಚಿಕಿತ್ಸೆ ಮುಗಿಸಿ ಬಂದು, ಮೆಟ್ಟಿಲ ಮೇಲೆ ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ಹತ್ತುತ್ತಾರೆ.

ಮಟ್ಟಾಂಚೇರಿಯಿಂದ ವಾಪಸ್ ಬರುವಾಗ ನನ್ನ ಫೋನ್ ರಿಂಗಾಯಿತು. ಅದೇ ಹಿರಿಯರು. ನನ್ನ ಸೆಲ್ಫಿ ನೋಡಿದ್ದರು.

“ಬ್ಯಾರನ್ ಇಲ್ಲಿಗೆ ಬರ್ತಾರಂತಲ್ಲ? ಹೋಟೆಲ್ ಎಲ್ಲ ಎಂತಕ್ಕೆ? ನಮ್ಮ ಮನೆ ಖಾಲಿ ಉಂಟು. ಬಾಡಿಗೆಯೂ ಬೇಡ.”

“ಕೊಟ್ಟಾಯ್ತು ಅಂದಿದ್ರಲ್ಲ ಸರ್?”

“ಅದು... ಹಾಗೆ ಹೇಳ್ಬೇಕಾಗ್ತದೆ ಮಾರಾಯ್ರೇ. ನಿಮಗೆ ಅರ್ಥ ಆಗ್ತದಲ್ಲ?”

ಅರ್ಥವಾಯಿತು. ಅದೇ ಸಂಕಟ. ಬೈಯದೆಯೇ ಫೋನ್ ಕಟ್ ಮಾಡಿದೆ. ಪಕ್ಕದಲ್ಲಿ ಮಂಜುನಾಥ ಏನೂ ಕೇಳಿಸದವನಂತೆ ಕಿಟಕಿಯಾಚೆ ನೋಡುತ್ತಿದ್ದ. (ಕೇಳಿಸಿತ್ತು.) ಇದೆಲ್ಲ ಸರಿಹೋಗುತ್ತದೆ ಎಂದು ಅವನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಸರಿಹೋಗುತ್ತದೆ ಎಂಬ ನಂಬಿಕೆ ನನಗೇ ಉಳಿದಿಲ್ಲ. ಜಾತಿ ಮಗನ ಬೆನ್ನು ಹತ್ತಬಾರದೆಂದೇ ಅವನಪ್ಪ ಹೆಸರನ್ನು ಎರಡು ಇನಿಷಿಯಲ್‌ಗೆ ಕತ್ತರಿಸಿದ್ದರಂತೆ.

ಒಡೆತನ ಹೋದರೂ ಆಲ್ಟನ್‌ಬಾಖ್‌ನ ಒಡೆಯನಿಗೆ ಉಳ್ಳೂರಿನಲ್ಲಿ ಮನೆ ಸಿಗುತ್ತದೆ. ಹೆಸರನ್ನೇ ಕತ್ತರಿಸಿಕೊಂಡವನು ಇನ್ನೇನನ್ನು ಕತ್ತರಿಸಿಕೊಂಡರೆ ಅವನಮ್ಮನಿಗೆ ನೆಲಮಹಡಿ ಸಿಕ್ಕೀತು?