ಹೊಲದ ಸಾಲು, ಮನೆಯ ಡಬ್ಬಿ

ಇವತ್ತು ಎಳ್ಳಮಾಸಿ. ಕ್ಯಾಲೆಂಡರ್ ನೋಡಿ ಹೇಳುತ್ತಿಲ್ಲ. ಬೆಳಗ್ಗೆ ಪಕ್ಕದ ಮನೆಯ ಗೋಡೆ ದಾಟಿ ಬಂದ ಭಜ್ಜಿಯ ವಾಸನೆಯಿಂದ ತಿಳಿಯಿತು. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದುಕೊಂಡವರು ಒಮ್ಮೆ ನಮ್ಮ ಬಸವಕಲ್ಯಾಣದ ಕಡೆ ಬರಬೇಕು. ಹಸಿ ತೊಗರಿ, ಅವರೆ, ಬಟಾಣಿ, ಮೆಂತ್ಯ, ಹುಣಸೆ ಹುಳಿ, ಕಡಲೆ ಹಿಟ್ಟು ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದದ್ದು ನಮ್ಮ ಭಜ್ಜಿ. ಅದನ್ನು ಹೊಲಕ್ಕೆ ಹೊತ್ತೊಯ್ದು, ಭೂಮಿತಾಯಿಗೆ ಪೂಜೆ ಮಾಡಿ, ನೈವೇದ್ಯದ ತುತ್ತನ್ನು ಬೆಳೆಗೆ ಚರಗವಾಗಿ ಚೆಲ್ಲಿ, ಅಲ್ಲೇ ಎಲ್ಲರೂ ಸಾಲಾಗಿ ಕೂತು ಸಜ್ಜೆ ರೊಟ್ಟಿಯೊಂದಿಗೆ ಉಣ್ಣುತ್ತಾರೆ. ನಮ್ಮದು ಕ್ರೈಸ್ತರ ಮನೆ, ಹಬ್ಬ ನಮ್ಮದಲ್ಲ. ಬಾಯಲ್ಲಿ ನೀರೂರುವುದನ್ನು ಮಾತ್ರ ಯಾವ ಪಾಸ್ಟರಿಗೂ ತಡೆಯಲಾಗಿಲ್ಲ.

ಪಕ್ಕದ ಮನೆಯ ಮಹಾದೇವಿ ಪ್ರತಿ ವರ್ಷ ಕರೆಯುತ್ತಾಳೆ. "ಟೀಚರ, ಈ ವರ್ಷಾರ ಹೊಲಕ್ಕ ಬರ್ರಿ. ಮುಡಬಿ ರೋಡಿಗೇ ಅದ, ಆಟೋ ಸಿಗ್ತಾವ." ನಾನು ಪ್ರತಿ ವರ್ಷ, "ಮೊಣಕಾಲು ನೋಯಾಕತ್ತಾವವ್ವ, ಮನಿಗೇ ಒಂದು ಡಬ್ಬಿ ಕಳಸು" ಎನ್ನುತ್ತೇನೆ. ಮೊಣಕಾಲು ನೋಯುವುದು ಸುಳ್ಳಲ್ಲ. ಆದರೆ ಭಾನುವಾರ ಚರ್ಚಿನಲ್ಲಿ ಅದೇ ಮೊಣಕಾಲನ್ನು ಎಷ್ಟು ಹೊತ್ತಾದರೂ ಊರುತ್ತೇನೆ, ನಾಲ್ಕು ಜನ ನೋಡುವಂತೆ. ಡಬ್ಬಿಯ ಉಪಾಯವೂ ನನ್ನದಲ್ಲ, ಅಪ್ಪನಿಂದ ಬಂದದ್ದು.

ಅಪ್ಪ ಹುಮನಾಬಾದಿನಲ್ಲಿ ನಮ್ಮ ಚರ್ಚಿನ ಸಭೆಯ ಹಿರಿಯರಾಗಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಗಲಲ್ಲಿ ಹಾಜರಿ ಪುಸ್ತಕ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ತಿಂಗಳ ಮೊದಲ ಭಾನುವಾರ. ಅದರ ಹಿಂದಿನ ಶನಿವಾರ ಸಂಜೆ ತಯಾರಿ ಕೂಟ. ಯಾರದು ಏನು ತಪ್ಪು ಎಂದು ಅಲ್ಲಿ ವಿಚಾರಣೆ. ತಪ್ಪಿದ್ದವರಿಗೆ ಮರುದಿನ ರೊಟ್ಟಿ, ದ್ರಾಕ್ಷಾರಸ ಇಲ್ಲ. ವಿಗ್ರಹಕ್ಕೆ ನೀಡಿದ್ದನ್ನು ಉಣ್ಣುವುದು ದೊಡ್ಡ ತಪ್ಪು. ಎಳ್ಳಮಾಸಿಯ ಊಟವೂ ಅದರಲ್ಲಿ ಬಂತು. ಆದರೆ ಅಪ್ಪನಿಗೆ ಭಜ್ಜಿ ಪ್ರಾಣ. ಅದಕ್ಕೆ ಹಿರಿಯರೆಲ್ಲ ಸೇರಿ ಒಂದು ದಾರಿ ಮಾಡಿಕೊಂಡಿದ್ದರು. ಹೊಲದಲ್ಲಿ ಕೂತು ಉಂಡರೆ ಅದು ನೈವೇದ್ಯ. ಡಬ್ಬಿಯಲ್ಲಿ ಮನೆಗೆ ಬಂದರೆ, ಮೇಲೆ ಒಂದು ಪ್ರಾರ್ಥನೆ ಹೇಳಿದರೆ, ಅದು ಬರೀ ಪಲ್ಯ. ಅಪ್ಪನ ಆ ಪ್ರಾರ್ಥನೆ ಬಹಳ ಚಿಕ್ಕದಿರುತ್ತಿತ್ತು, ಭಜ್ಜಿ ಆರಬಾರದಲ್ಲ.

ಡಬ್ಬಿ ತರುತ್ತಿದ್ದವಳು ಸುಂದ್ರಮ್ಮ ಅತ್ತಿ, ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ದುಬಲಗುಂಡಿಯಲ್ಲಿ ಒಬ್ಬಳೇ ಇದ್ದು, ಕಾಶಮ್ಮ ಎಂಬವರ ಹೊಲದಲ್ಲಿ ಕೂಲಿ ಮಾಡುತ್ತಿದ್ದಳು. ತಿಂಗಳಿಗೊಮ್ಮೆ ಶನಿವಾರದ ಬಸ್ಸಿಗೆ ಬಂದು, ಕರ್ತನ ಭೋಜನದ ಪುಟ್ಟ ಗಾಜಿನ ಬಟ್ಟಲುಗಳನ್ನು ತೊಳೆಯುವುದು ಅವಳ ಸೇವೆ. ಹೆಬ್ಬೆರಳಿನಷ್ಟಿದ್ದ ಆ ಬಟ್ಟಲುಗಳ ಒಳಗೆ ಯಾರ ಕೈಯೂ ಹೋಗುತ್ತಿರಲಿಲ್ಲ. ಅತ್ತಿ ಕಿರುಬೆರಳಿಗೆ ಹಳೆಯ ಧೋತರದ ತುಂಡು ಸುತ್ತಿಕೊಂಡು ಒಂದೊಂದನ್ನೂ ಒಳಗಿನಿಂದ ಒರೆಸಿ, ಬಿಸಿಲಿಗೆ ಹಿಡಿದು ನೋಡಿ, ಮತ್ತೆ ಒರೆಸುತ್ತಿದ್ದಳು. ನಾನು ಬದಿಯಲ್ಲಿ ಕೂತು ಹರಟುತ್ತಿದ್ದೆ. ತಾಯಿಗೆ ಹೇಳದ ಮಾತುಗಳನ್ನೂ ಅತ್ತಿಗೆ ಹೇಳುತ್ತಿದ್ದೆ.

ನನಗೆ ಹನ್ನೆರಡು ವರ್ಷವಿದ್ದಾಗ ಸಂಡೇ ಸ್ಕೂಲಿನಲ್ಲಿ ಒಂದು ಬಹುಮಾನ ಬಂತು. ಯೇಸು ಸ್ವಾಮಿ ಫರಿಸಾಯರನ್ನೂ ಶಾಸ್ತ್ರಿಗಳನ್ನೂ ಬೈಯುವ ಅಧ್ಯಾಯವನ್ನು ಒಂದೂ ತಪ್ಪಿಲ್ಲದೆ ಹೇಳಿದ್ದಕ್ಕೆ. ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರು, ಬಟ್ಟಲಿನ ಹೊರಗನ್ನಷ್ಟೇ ತೊಳೆಯುವವರು, ಬೇರೆಯವರ ಹೆಗಲಿಗೆ ಹೊರೆ ಹೊರಿಸಿ ತಾವು ಬೆರಳನ್ನೂ ತಾಗಿಸದವರು, ಎಲ್ಲ ನನಗೆ ಬಾಯಿಪಾಠ. ಫರಿಸಾಯರೆಂದರೆ ಉದ್ದ ಗಡ್ಡದ, ಬಹಳ ದೂರದ ದೇಶದ ಜನ ಎಂದು ತಿಳಿದಿದ್ದೆ.

ಆ ವರ್ಷದ ಎಳ್ಳಮಾಸಿಗೂ ಅತ್ತಿ ಡಬ್ಬಿ ತಂದಳು. ಅಪ್ಪ ಎರಡನೇ ಸಲ ಬಡಿಸಿಕೊಂಡು ಉಣ್ಣುತ್ತಿದ್ದಾಗ ಅವಳು ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು. "ಈ ವರ್ಷ ಕಾಶಮ್ಮ ಅವ್ವ ನಮ್ಮನ್ನೂ ಸಾಲಿನ್ಯಾಗ ಕುಂದರಿಸಿದ್ಳವ್ವ. ಇಷ್ಟು ವರ್ಷ ದೂರ ನಿಂತು ಸೆರಗ ಒಡ್ಡತಿದ್ವಿ, ಮ್ಯಾಲಿಂದ ರೊಟ್ಟಿ ಹಾಕತಿದ್ರು, ಕಟಗೊಂಡು ಮನಿಗಿ ಬರತಿದ್ವಿ. ಇವತ್ತ ಕೈ ಹಿಡದು, ನನ್ನ ಬಾಜೂನೇ ಕೂಡು ಅಂದ್ಳು. ತನ್ನ ಕೈಲೇ ಬಡಿಸಿದ್ಳು." ಅವಳ ಕಣ್ಣು ತುಂಬಿತ್ತು. ನನಗೆ ಅದರಲ್ಲಿ ಕೇಳಿಸಿದ್ದು ಒಂದೇ: ಅತ್ತಿ ಹೊಲದಲ್ಲಿ ಕೂತು ಉಂಡಿದ್ದಾಳೆ.

ಮುಂದಿನ ತಯಾರಿ ಕೂಟದಲ್ಲಿ ಪಾಸ್ಟರು, "ಯಾರರೆ ವಿಗ್ರಹದ ಊಟ ಉಂಡಿದ್ರ ಈಗೇ ಹೇಳಿಬಿಡ್ರಿ" ಎಂದರು. ನಾನು ಎದ್ದು ನಿಂತೆ. ಬಹುಮಾನದ ದಿನ ನಿಂತ ಹಾಗೆಯೇ, ಕೈ ಕಟ್ಟಿಕೊಂಡು, ಗಟ್ಟಿ ದನಿಯಲ್ಲಿ ಹೇಳಿದೆ. "ನಮ್ಮ ಸುಂದ್ರಮ್ಮ ಅತ್ತಿ ಉಂಡಾಳ್ರಿ. ಹೊಲದಾಗ ಕೂತು."

ಅಪ್ಪ ಹಾಜರಿ ಪುಸ್ತಕ ತೆರೆದರು. ಅದೇ ಪಾತ್ರೆಯ ಭಜ್ಜಿ ಅವರ ಹೊಟ್ಟೆಗೂ ಹೋಗಿತ್ತು. ಅವರು ಅದನ್ನು ಹೇಳಲಿಲ್ಲ. ಡಬ್ಬಿಯ ರುಚಿ ಕಂಡ ಬೇರೆ ಹಿರಿಯರೂ ಹೇಳಲಿಲ್ಲ. ತಪ್ಪಾಯಿತೆಂದು ಸಭೆಯ ಮುಂದೆ ಹೇಳುವವರೆಗೆ ಸುಂದ್ರಮ್ಮನಿಗೆ ಕರ್ತನ ಭೋಜನವಿಲ್ಲ ಎಂದು ತೀರ್ಮಾನವಾಯಿತು. ದೂರ ನಿಂತು ಸೆರಗೊಡ್ಡಿದಷ್ಟು ವರ್ಷ ಅವಳಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಮನುಷ್ಯರ ಸಾಲಿನಲ್ಲಿ ಕೂತ ವರ್ಷವೇ ಅವಳು ಪಾಪಿಯಾದಳು.

ಅತ್ತಿ ಎದ್ದು ನಿಂತು ಹೇಳಿದ್ದು ಇಷ್ಟು. "ಉಂಡೀನ್ರಿ. ಉಂಡಿಲ್ಲ ಅನ್ನಲ್ಲ. ತಪ್ಪಾಯ್ತು ಅಂದ್ರ ಮಾತ್ರ ಆ ಅವ್ವನ ಕೈ ಝಾಡಿಸಿದಂಗ ಆಗ್ತದ. ಅದು ನನ್ನ ಕಡಿಂದ ಆಗಲ್ರಿ." ಆಮೇಲೆ ಅಣ್ಣನ ಕಡೆ ತಿರುಗಿ, "ಅಣ್ಣಾ, ಬಟ್ಟಲ ತೊಳ್ಯಾಕರ ಬರಲೇನೋ?" ಎಂದಳು. ಅಪ್ಪ ಹಾಜರಿ ಪುಸ್ತಕ ನೋಡುತ್ತಲೇ ತಲೆಯಾಡಿಸಿದರು. ತೊಳೆಯುವುದಕ್ಕೆ ಅಡ್ಡಿ ಬರುವ ನಿಯಮ ಇರಲಿಲ್ಲವಂತೆ.

ಹೀಗೆ ಏಳೆಂಟು ತಿಂಗಳು ನಡೆಯಿತು. ಶನಿವಾರ ಬಂದು ಎಲ್ಲರ ಬಟ್ಟಲು ತೊಳೆಯುವಳು. ಭಾನುವಾರ ಬಾಗಿಲ ಹತ್ತಿರ ಕೂತು ಎಲ್ಲರೂ ಕುಡಿಯುವುದನ್ನು ನೋಡುವಳು. ನಾನು ಅವಳ ಬದಿಗೆ ಹೋಗುವುದನ್ನು ಬಿಟ್ಟೆ. ಒಮ್ಮೆ ಅವಳೇ ಕರೆದು, "ನೀ ಸುಳ್ಳೇನೂ ಹೇಳಿಲ್ಲವ್ವ, ಅಳಬ್ಯಾಡ" ಎಂದಳು. ಬೈದಿದ್ದರೆ ಇಷ್ಟು ವರ್ಷ ಹೊತ್ತು ತಿರುಗುವ ಕೆಲಸ ತಪ್ಪುತ್ತಿತ್ತು.

ಕೊನೆಗೆ ಅವಳು ನಮ್ಮ ಮನೆಯಲ್ಲೇ ಹಾಸಿಗೆ ಹಿಡಿದಳು. ಎರಡು ತಿಂಗಳು ಬಟ್ಟಲುಗಳನ್ನು ಯಾರೋ ನೀರಲ್ಲಿ ಅದ್ದಿ ತೆಗೆದಿದ್ದರು. ಒಂದು ಮಧ್ಯಾಹ್ನ ಪಾಸ್ಟರು ಬಟ್ಟಲು ತುಂಬಿಕೊಂಡು ಬಂದು ತಲೆಯ ಹತ್ತಿರ ಕೂತರು. "ಸುಂದ್ರಮ್ಮ, ತಪ್ಪಾಯ್ತು ಅಂತ ಒಂದು ಮಾತು ಅನ್ರಿ. ಕೊಟ್ಟುಬಿಡ್ತೀನಿ." ಅವರ ದನಿ ಬೇಡಿಕೊಳ್ಳುವಂತಿತ್ತು. ಅತ್ತಿ ಆಸೆಯಿಂದ ಬಟ್ಟಲನ್ನೇ ನೋಡಿದಳು. ಬಹಳ ಹೊತ್ತು ನೋಡಿ, "ಇದು ಯಾರು ತೊಳದಾರ್ರಿ? ಒಳಗ ಅಂಚಿಗಿ ಹಳೇ ರಸದ ಕಲಿ ಹಂಗೇ ಅದ" ಎಂದಳು. ಯಾರನ್ನೂ ಚುಚ್ಚಲು ಹೇಳಿದ್ದಲ್ಲ. ಕಿರುಬೆರಳು ಹೊದಿಕೆಯ ಮೇಲೆ ಸುಮ್ಮನೆ ತಿರುಗುತ್ತಿತ್ತು. ಪಾಸ್ಟರು ತಂದ ಬಟ್ಟಲನ್ನು ವಾಪಸು ಒಯ್ದರು. ಅಪ್ಪ ಬಾಗಿಲಲ್ಲಿ ನಿಂತೇ ಇದ್ದರು. ಮೂರನೇ ದಿನ ಅತ್ತಿ ಹೋದಳು.

ಮುಂದಿನ ಎಳ್ಳಮಾಸಿಗೆ ಕಾಶಮ್ಮನವರು ಬೇರೆ ಯಾರ ಕೈಯಲ್ಲೋ ಡಬ್ಬಿ ಕಳಿಸಿದರು. ಅಪ್ಪ ಮುಚ್ಚಳ ತೆಗೆಯದೆ ಹಿಂದಕ್ಕೆ ಕಳಿಸಿದರು. ಹಿರಿಯರು ಎಷ್ಟು ಕಟ್ಟುನಿಟ್ಟು ನೋಡಿ ಎಂದು ಸಭೆಯವರು ಹೊಗಳಿದರು. ಅವರು ಹಿತ್ತಲಲ್ಲಿ ನಿಂತು ಮುಖಕ್ಕೆ ಟವೆಲ್ ಒತ್ತಿಕೊಂಡು ಅತ್ತದ್ದನ್ನು ನಾನೊಬ್ಬಳೇ ನೋಡಿದೆ. ಅಳುವುದಕ್ಕಿಂತ ಒಂದು ಮಾತು ಹೇಳಬಹುದಿತ್ತು, ಅಪ್ಪ. ನಾನೂ ಹೇಳಬಹುದಿತ್ತು. ಅಪ್ಪ ಉಂಡದ್ದು ನನಗೂ ಗೊತ್ತಿತ್ತಲ್ಲ.

ಈಗ ಇಲ್ಲಿಯ ಸಭೆಯ ಹಾಜರಿ ಪುಸ್ತಕ ನನ್ನ ಬಗಲಲ್ಲಿದೆ. ನಾಳೆ ಶನಿವಾರ, ತಯಾರಿ ಕೂಟ.

ಇಷ್ಟು ಬರೆಯುವಾಗ ಮಹಾದೇವಿ ಮತ್ತೆ ಬಂದಳು. "ಡಬ್ಬಿ ಕೊಡ್ರಿ ಟೀಚರ, ತುಂಬಿ ಕಳಸ್ತೀನಿ." ಡಬ್ಬಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿಟ್ಟಿದ್ದೆ, ಪ್ರತಿ ವರ್ಷದಂತೆ. ಅದನ್ನು ಎತ್ತಿ ಕಪಾಟಿನೊಳಗೆ ಇಟ್ಟೆ.

"ಡಬ್ಬಿ ಬ್ಯಾಡವ್ವ. ನಾನೇ ಬರ್ತೀನಿ. ನಿನ್ನ ಬಾಜೂ ಜಾಗಾ ಇಡು."

ಆಟೋ ಬಾಗಿಲಿಗೆ ಬಂದಿದೆ. ಮೊಣಕಾಲು ನಿಜವಾಗಿಯೂ ನೋಯುತ್ತಿದೆ. ನಾಳೆ ಕೂಟದಲ್ಲಿ ಯಾರೂ ಕೇಳುವ ಮೊದಲೇ ಎದ್ದು ನಿಲ್ಲಬೇಕು. ಹೇಳಬೇಕಾದದ್ದನ್ನು ಅತ್ತಿಯ ಬಾಯಿಂದಲೇ ಕಲಿತಿದ್ದೇನೆ: ಉಂಡೀನ್ರಿ.