ಸಾವ್ಕಾರನ ಬೆನ್ನ ಮೇಲಿನ ಸುಳಿ

ನಮ್ಮ ಭಾವ ಬೆಟ್ಟಯ್ಯನವರಿಗೆ ಎರಡು ಎತ್ತುಗಳಿದ್ದವು. ಒಂದು ದುಡಿಯುತ್ತಿತ್ತು, ಇನ್ನೊಂದರ ಹೆಸರು ಸಾವ್ಕಾರ. ಭಾವನ ಜೀವವೆಲ್ಲ ಆ ಎರಡನೆಯದರ ಮೇಲೆ. ಬೆಳಿಗ್ಗೆ ಎದ್ದರೆ ಹೆಂಡತಿಯ ಮುಖ ಬಿಟ್ಟು ಕೊಟ್ಟಿಗೆಗೆ ಹೋಗಿ ಅದರ ಮುಖ ನೋಡುತ್ತಿದ್ದರು. ಆ ಹೆಂಡತಿ ನಮ್ಮಕ್ಕ ದೇವೀರಮ್ಮ. ಹಾಗಾಗಿ ಸಾವ್ಕಾರನ ಮೇಲೆ ನನಗೂ ಒಳಗೊಳಗೇ ಕೋಪವಿತ್ತು.

ತೊಂಬತ್ನಾಲ್ಕರಲ್ಲಿ ಟಿ. ನರಸೀಪುರದ ಕಡೆಯ ಒಬ್ಬ ದನದ ದಳ್ಳಾಳಿ ಬಂದು ಸಾವ್ಕಾರನ ಮೈ ಸವರಿ, ಭುಜದ ಹಿಣಿಲಿನ ಹಿಂದೆ, ಬೆನ್ನ ಮೇಲೆ ಕೂದಲು ಸುತ್ತಿಕೊಂಡಿದ್ದ ಜಾಗಕ್ಕೆ ಬೆರಳಿಟ್ಟ.

"ಈ ಸುಳಿ ಮನೆ ಯಜಮಾಂತಿಗೆ ಆಗಕಿಲ್ಲ" ಅಂದ.

ಎತ್ತನ್ನು ಅಗ್ಗಕ್ಕೆ ಹೊಡೆಯುವ ಹುನ್ನಾರ ಅದು ಅಂತ ನನಗೆ ಈಗಲೂ ಅನುಮಾನ. ಅಕ್ಕ ಮಾತ್ರ ನಂಬಿಯೇಬಿಟ್ಟಳು. ಅವತ್ತಿನಿಂದ ಹಾಲು ಒಡೆದರೆ ಸುಳಿ, ತಲೆ ನೋವು ಬಂದರೆ ಸುಳಿ, ಮುದ್ದೆ ಗಂಟಾದರೂ ಸುಳಿ. ದಿನಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅದನ್ನೇ ದಿಟ್ಟಿಸುತ್ತಿದ್ದಳು. ಕೊನೆಗೆ, "ಈ ಅಟ್ಟೀಲಿ ನಾನಿರ್ಬೇಕು, ಇಲ್ಲಾ ಅದಿರ್ಬೇಕು" ಅಂದಳು. ಭಾವ ತಕ್ಷಣ ಉತ್ತರ ಕೊಡದೆ ಯೋಚನೆ ಮಾಡುತ್ತ ಕೂತರು. ಅದೇ ತಪ್ಪಾಯಿತು. ಮುಂದಿನ ಸಂತೆಯಲ್ಲಿ ಸಾವ್ಕಾರನನ್ನು ಮಾರುವುದು ಅಂತ ತೀರ್ಮಾನವಾಗಿ, ಭಾವ ರಾತ್ರಿಯೂ ಕೊಟ್ಟಿಗೆಯಲ್ಲೇ ಮಲಗತೊಡಗಿದರು.

ಅದೇ ವಾರ ನಮ್ಮೂರ ಹಾಲಿನ ಡೈರಿಯ ಗೋಡೆಗೆ ಹಸುವಿನ ಚಿತ್ರ ಬರೆಯಲು ನಂಜನಗೂಡಿನ ರುದ್ರೇಶ ಬಂದ. ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದವನು. ಸಾವ್ಕಾರನನ್ನು ಕಂಡ ಮೇಲೆ ಊರಿನ ಒಂದು ಹಸುವೂ ಅವನ ಕಣ್ಣಿಗೆ ಹಿಡಿಸಲಿಲ್ಲ. ಡೈರಿಯ ಗೋಡೆ ತುಂಬ ಎತ್ತು ಬರೆದ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ನಮ್ಮದು, ಒಂದೆರಡು ದಿನ ಯಾರಿಗೂ ತಪ್ಪೇ ಕಾಣಲಿಲ್ಲ. ಕೊಂಬು, ಕಣ್ಣು, ಕತ್ತಿನಡಿ ಜೋಲುವ ಗಂಗೆದೊಗಲು ಎಲ್ಲ ತದ್ರೂಪು. ಸುಳಿಯನ್ನಂತೂ ಮೈಮರೆತು, ಇದ್ದದ್ದಕ್ಕಿಂತ ದೊಡ್ಡದಾಗಿ ಬರೆದಿದ್ದ.

ಭಾವ ಅದನ್ನು ನೋಡಿಕೊಂಡು ಬಂದು ಮನೆಯಲ್ಲಿ ಒಂದು ಸುಳ್ಳು ಬಿಟ್ಟರು.

"ದೋಸ ಗೋಡೆಗೆ ಓಯ್ತು ಕಣೆ. ಆ ಸುಳಿ ಯಾರ ಅಟ್ಟಿ ಕಡೆ ನೋಡ್ತದೋ ಇನ್ಮೇಲೆ ಅವ್ರಿಗೆ."

ಡೈರಿಯ ಎದುರಿಗಿದ್ದದ್ದು ಡೈರಿ ಅಧ್ಯಕ್ಷರ ಮನೆ. ಅವರ ಹೆಂಡತಿ ಚಿಕ್ಕಮಾದಮ್ಮನಿಗೂ ನಮ್ಮಕ್ಕನಿಗೂ ನಲ್ಲಿ ನೀರಿನ ಜಗಳದಲ್ಲಿ ಮಾತು ನಿಂತಿತ್ತು. ಅಕ್ಕ ಗಂಡನ ಮಾತು ನಂಬಲಿಲ್ಲ. ಆದರೆ ಸಂತೆ ನಾಳೆ ಅನ್ನುವಾಗ ಚಿಕ್ಕಮಾದಮ್ಮ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಸುದ್ದಿ ಕೇಳಿ ಅಕ್ಕನ ಮುಖ ಅರಳಿದ್ದನ್ನು ನಾನೇ ಕಂಡಿದ್ದೇನೆ. ಸುಳಿಯ ವಿಷಯ ಚಿಕ್ಕಮಾದಮ್ಮನ ಕಿವಿಗೂ ಬಿತ್ತು. ಅವಳು ಕುಂಟುತ್ತಲೇ ಬಂದು ಮುಂದೆ ನಿಂತು ಇಡೀ ಎತ್ತಿಗೆ ಸುಣ್ಣ ಬಳಿಸಿದಳು. ರುದ್ರೇಶ ಪಾಪ, ಸುಣ್ಣ ಒಣಗುವವರೆಗೂ ಅಲ್ಲೇ ನಿಂತಿದ್ದ.

ಹೀಗೆ ಚಿತ್ರ ಹೋಗಿ, ಸಾವ್ಕಾರ ಸಂತೆಗೆ ಹೋಗದೆ ಮನೆಯಲ್ಲೇ ಉಳಿಯಿತು. ದೋಷ ವಾಪಸ್ ಬಂದೀತು ಅಂತ ಅಕ್ಕ ಅದರ ಬೆನ್ನನ್ನು ದಿನಾ ನೋಡುವುದು ಮಾತ್ರ ಬಿಡಲಿಲ್ಲ.

ಎರಡು ಸಾವಿರದ ಮೂರರಲ್ಲಿ ಸಾವ್ಕಾರ ಮುದಿಯಾಗಿ ಸತ್ತಿತು. ಅದರ ಒಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. "ಅದ್ರ ಮೊಕ ಮರ್ತೋಯ್ತದಲ್ಲೋ" ಅಂತ ಭಾವ ನನ್ನ ಮುಂದೆ ಅತ್ತುಬಿಟ್ಟರು. ಎತ್ತಿಗೆ ಅಳುವುದೇ ಅಂತ ನಗಬೇಕೆಂದುಕೊಂಡಿದ್ದ ನನಗೂ ಅಳು ಬಂತು.

ಮೂರು ವರ್ಷದ ಮೇಲೆ, ನಾನು ಕೆಲಸ ಮಾಡುವ ತಾಂಡ್ಯದ ಫ್ಯಾಕ್ಟರಿಯಲ್ಲಿ ಪೇಪರ್ ಓದುತ್ತಿದ್ದಾಗ ರುದ್ರೇಶನ ಹೆಸರು ಕಂಡಿತು. ದೊಡ್ಡ ಕಲಾವಿದನಾಗಿದ್ದನಂತೆ, ಮೈಸೂರಿನಲ್ಲಿ ಅವನ ಚಿತ್ರಗಳ ಪ್ರದರ್ಶನವಂತೆ. ಸಾವ್ಕಾರನ ಇನ್ನೊಂದು ಚಿತ್ರ ಅವನ ಹತ್ತಿರ ಇದ್ದೇ ಇರುತ್ತದೆ, ಇನ್ನೊಂದು ಸಲ ಆ ಮುಖ ನೋಡಬಹುದು ಅಂತ ಭಾವ ಇಸ್ತ್ರಿ ಪಂಚೆ ಉಟ್ಟು ಹೊರಟರು. ಅಕ್ಕನೂ ನಾನೂ ಹೋದೆವು.

ಅಲ್ಲಿ ನೋಡಿದರೆ ಗೋಡೆಗಳ ತುಂಬ ಬರೀ ಗೆರೆಗಳು. ಬೂದು, ಕಪ್ಪು, ಕೆಮ್ಮಣ್ಣು ಬಣ್ಣದಲ್ಲಿ ಸುತ್ತಿ ಸುತ್ತಿ ಒಳಗೆ ಹೋಗುತ್ತಿದ್ದವು. ಕೊಂಬಿಲ್ಲ, ಕಾಲಿಲ್ಲ. ಭಾವ ಚಿತ್ರಗಳ ಹಿಂದುಗಡೆಯೂ ಇಣುಕಿ ನೋಡಿದರು.

"ಎತ್ತೆಲ್ಲಪ್ಪಾ?"

"ಎತ್ತು ಬರೆಯೋದು ಬಿಟ್ಟೆ ಗೌಡ್ರೆ" ಅಂದ ರುದ್ರೇಶ ಸಂಕೋಚದಿಂದ. "ಅವತ್ತು ಸುಣ್ಣ ಬಳಿದ ಮೇಲೆ ನನ್ನ ಕಣ್ಣಲ್ಲಿ ಉಳಿದದ್ದು ಇಷ್ಟೇ."

ಭಾವ ಅಲ್ಲಿದ್ದ ಕುರ್ಚಿಯಲ್ಲಿ ಕೂತುಬಿಟ್ಟರು. ಅವರ ಮುಖ ನೋಡಲಾಗದೆ ನನಗೆ ರುದ್ರೇಶನ ಮೇಲೇ ಸಿಟ್ಟು ಬಂತು. ಅಷ್ಟರಲ್ಲಿ ಮೂಲೆಯಿಂದ ಅಕ್ಕ ಕೂಗಿದಳು. ಒಂದು ಚಿಕ್ಕ ಚಿತ್ರದ ಮುಂದೆ ನಿಂತಿದ್ದಳು, ಕಣ್ಣಲ್ಲಿ ನೀರು.

"ಇಕಾ, ಬನ್ನಿ ಇಲ್ಲಿ. ಇದು ನಮ್ಮ ಸಾವ್ಕಾರಂದು."

"ಎಲ್ಲಾ ಒಂದೇ ತರ ಅವೆ. ನಿಂಗೆಂಗೆ ಗೊತ್ತು?"

"ನೀವು ಅದ್ರ ಮೊಕ ನೋಡ್ಕಂಡಿದ್ರಿ. ಅಷ್ಟು ವರ್ಸ ಈ ಸುಳಿ ನೋಡ್ಕಂಡಿದ್ದೋಳು ನಾನು."

ರುದ್ರೇಶ ಹತ್ತಿರ ಬಂದು ನೋಡಿದ. "ಹೌದಮ್ಮ, ನಿಮ್ಮೂರಿಂದ ವಾಪಸ್ ಹೋಗಿ ಬರೆದ ಮೊದಲನೇದು ಅದೇ" ಅಂದು, ಮೊಳೆಯಿಂದ ಬಿಡಿಸಿ ಅಕ್ಕನ ಕೈಗೆ ಕೊಟ್ಟ.

ಬಸ್ಸಿನಲ್ಲಿ ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಂಜನಗೂಡು ಬರುವವರೆಗೂ ಭಾವ ಅದರ ಮೇಲಿಂದ ಕೈ ತೆಗೆಯಲಿಲ್ಲ.