ನನ್ನ ಕೈಯ ವಾಸನೆ

ನನ್ನ ಮಾವ ಊಟಕ್ಕೆ ಕುಳಿತರೆ ಮೊದಲು ತಟ್ಟೆಯನ್ನು ಮೂಸುತ್ತಿದ್ದರು. ರೊಟ್ಟಿಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಮೂಗಿನ ಹತ್ತಿರ ತಂದು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದವರ ಹಾಗೆ ಮುಖ ಸಿಂಡರಿಸಿ ಕೆಳಗಿಡುತ್ತಿದ್ದರು. ಆಮೇಲೆ ಒಂದು ತುತ್ತು ಬಾಯಿಗೆ ಹಾಕಿಕೊಂಡು, ನುಂಗಲಾಗದೆ ಎದ್ದು, ವಾಶ್‌ಬೇಸಿನ್ನಿನಲ್ಲಿ ಓಕರಿಸುತ್ತಿದ್ದರು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಆದರೆ ನನಗೆ ಹೆಚ್ಚು ಹೇಸಿಗೆಯಾಗುತ್ತಿದ್ದುದು ಬಾಯಿ ಮುಕ್ಕಳಿಸಿ ಬಂದ ಮೇಲೆ ಅವರು ಹೇಳುತ್ತಿದ್ದ ಮಾತಿಗೆ.

"ಯವ್ವಾ, ರೊಟ್ಟಿಗಿ ರಕ್ತದ ವಾಸನಿ ಬರ್ಲತ್ತದ. ನಿನ್ನ ಕೈದೇ ಇರ್ಬೇಕು."

ಬಸ್ಸಿನ ಬೋರ್ಡಿನ ಮೇಲೆ ಇನ್ನೂ ಔರಂಗಾಬಾದ್ ಎಂದೇ ಬರೆದಿರುತ್ತಿದ್ದ ಸಂಭಾಜಿನಗರದಲ್ಲಿ ನಾನಾಗ ಪಿಎಚ್‌ಡಿ ಮಾಡುತ್ತಿದ್ದೆ. ದಿನವಿಡೀ ನನ್ನ ಕೆಲಸ ರಕ್ತದ ಜೊತೆಗೇ. ಕೆಂಪು ರಕ್ತಕಣದ ಒಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು. ಕಣದ ಪೊರೆಯಲ್ಲಿ ಪಂಪಿನಂಥದ್ದೊಂದು ಇದೆ. ಒಳಗೆ ನುಸುಳಿದ ಸೋಡಿಯಂ ಅನ್ನು ಅದು ಹೊರಗೆ ನೂಕುತ್ತ, ಪೊಟ್ಯಾಸಿಯಂ ಅನ್ನು ಒಳಗೆ ಎಳೆದುಕೊಳ್ಳುತ್ತ ಇರುತ್ತದೆ. ಔಬೈನ್ ಎಂಬ ವಿಷವನ್ನು ಚೂರು ಹಾಕಿದರೆ ಸಾಕು, ಪಂಪು ನಿಲ್ಲುತ್ತದೆ. ಸೋಡಿಯಂ ಒಳಗೇ ತುಂಬಿಕೊಳ್ಳುತ್ತದೆ, ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಎಷ್ಟು ವಿಷಕ್ಕೆ ಎಷ್ಟು ಸೋರಿಕೆ ಎಂದು ಅಳೆಯುವುದೇ ನನ್ನ ಸಂಶೋಧನೆ. ಒಬ್ಬರ ರಕ್ತವನ್ನು ಎರಡು ನಳಿಕೆಗಳಿಗೆ ಹಂಚಿ, ಒಂದಕ್ಕೆ ವಿಷ ಹಾಕುತ್ತಿದ್ದೆ, ಇನ್ನೊಂದನ್ನು ಹಾಗೇ ಬಿಡುತ್ತಿದ್ದೆ. ಹಾಗೇ ಬಿಟ್ಟ ನಳಿಕೆ ಇಲ್ಲದಿದ್ದರೆ ವಿಷ ಹಾಕಿದ ನಳಿಕೆಯ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

ಕೆಲಸ ಚಂದವಿತ್ತು ಎಂದು ಸುಳ್ಳು ಹೇಳುವುದಿಲ್ಲ. ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ರಿಜ್ಜಿನೊಳಗಿನ ರಕ್ತ ಕೆಟ್ಟರೆ, ಬಾಗಿಲು ತೆಗೆದವರು ಆ ದಿನ ಊಟದ ಹೆಸರೆತ್ತುತ್ತಿರಲಿಲ್ಲ. ತಿರುಗುವ ಯಂತ್ರದೊಳಗೆ ನಳಿಕೆ ಒಡೆದರೆ ಮೂಲೆ ಮೂಲೆಯಿಂದ ಹೆಪ್ಪು ಕೆರೆದು ತೆಗೆಯುವವಳೂ ನಾನೇ. ಆದರೆ ಕೈಗವಸು ಹಾಕದೆ ನಾನು ಏನನ್ನೂ ಮುಟ್ಟುತ್ತಿರಲಿಲ್ಲ. ಮನೆಗೆ ಬಂದು ಸ್ನಾನ ಮಾಡದೆ ಒಲೆ ಹಚ್ಚುತ್ತಲೂ ಇರಲಿಲ್ಲ.

ಮಾವ ಬೀದರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಅತ್ತೆ ತೀರಿದ ಮೇಲೆ ಅಂಗಡಿ ಮುಚ್ಚಿ, ಒಂದು ತಿಂಗಳು ನಾಸಿಕದಲ್ಲಿ ಹಿರಿಯ ಮಗನ ಮನೆ, ಒಂದು ತಿಂಗಳು ಸಂಭಾಜಿನಗರದಲ್ಲಿ ನಮ್ಮ ಮನೆ ಎಂದು ಗೊತ್ತು ಮಾಡಿಕೊಂಡಿದ್ದರು. ಭಾವ ನಾಸಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ, ನನ್ನ ಗಂಡ ನಮ್ಮೂರ ಹೊರಗಿನ ವಾಳೂಜಿನ ಕಾರ್ಖಾನೆಯೊಂದರಲ್ಲಿ. ಇಬ್ಬರು ಮಕ್ಕಳ ನಡುವೆ ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು ಎಂಬುದು ಮಾವನ ಹಠ. ಒಬ್ಬ ಧೋತರ ಕೊಡಿಸಿದರೆ ಇನ್ನೊಬ್ಬನ ಹತ್ತಿರ ಟವೆಲ್ಲಾದರೂ ಕೇಳಿ ತೆಗೆದುಕೊಳ್ಳುತ್ತಿದ್ದರು. ಜನ ಇದನ್ನು ದೊಡ್ಡ ಗುಣವೆಂದು ಹೊಗಳುತ್ತಿದ್ದರು. ನಾನೂ ಹೊಗಳಿದ್ದೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಕೊರಳಿನ ಎಲುಬುಗಳು ಎದ್ದು ಕಾಣತೊಡಗಿದವು. ನಾಸಿಕದಿಂದ ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ದಿನಾ ಫೋನು.

"ನಮ್ಮನ್ಯಾಗ ಎರಡೆರಡು ರೊಟ್ಟಿ ಉಣ್ತಾರ. ನಿಮ್ಮಲ್ಲಿಗಿ ಬಂದ್ರೇ ಯಾಕ ಹಿಂಗ ಆಗ್ತದ? ನೀನೇ ವಿಚಾರ ಮಾಡು."

ವಿಚಾರ ಮಾಡುವುದೇನಿದೆ, ತೀರ್ಪು ಆಗಿಯೇ ಹೋಗಿತ್ತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಒಂದು ಭಾನುವಾರ ಗಂಡ ನೆಲ ನೋಡುತ್ತ ಹೇಳಿದ: "ದೀಪಾವಳಿ ತನಕ ನೋಡೋಣು. ಆಗೂ ಅಪ್ಪ ಉಣ್ಣಲಿಲ್ಲಂದ್ರ ನೀ ಲ್ಯಾಬ್ ಬಿಟ್ಟುಬಿಡು. ಮನುಷ್ಯಾನ ಜೀವಕ್ಕಿಂತ ನಿನ್ನ ಡಿಗ್ರಿ ದೊಡ್ಡದೇನು?"

ಅಲ್ಲಿಂದ ನಾನು ಕೈ ತೊಳೆಯಲು ಶುರುಮಾಡಿದೆ. ಸೀಗೆಪುಡಿ, ಕಡಲೆಹಿಟ್ಟು, ಲಿಂಬೆಹಣ್ಣಿನ ಸಿಪ್ಪೆ. ಉಗುರಿನ ಸಂದಿಯ ಚರ್ಮ ಬಿರಿದು, ಖಾರ ಮುಟ್ಟಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಹಿಟ್ಟು ನಾದುವ ಮುಂಚೆ ಕೈ ಮೂಸುತ್ತಿದ್ದೆ, ನಾದಿದ ಮೇಲೂ ಮೂಸುತ್ತಿದ್ದೆ. ಕೆಲವು ದಿನ ನನಗೂ ವಾಸನೆ ಬಂದಂತಾಗಿ ಹಿಟ್ಟನ್ನೇ ಚೆಲ್ಲಿದ್ದುಂಟು. ಒಂದು ಸಂಜೆ ಗಂಡ ನನ್ನ ಕೈ ಹಿಡಿದ. ಬಹಳ ದಿನಗಳ ಮೇಲೆ ಪ್ರೀತಿ ಬಂತೇನೋ ಎಂದುಕೊಂಡೆ. ಅವನು ಬೆರಳುಗಳನ್ನು ಮೂಗಿಗೆ ತಂದು, ಒಂದೊಂದಾಗಿ ಮೂಸಿ, "ನನಗೇನು ಬರಂಗಿಲ್ಲಪಾ" ಎಂದು ಬಿಟ್ಟುಬಿಟ್ಟ. ನನಗೆ ಅವನ ಮೇಲೆ ಎಂಥ ಹೇಸಿಗೆ ಹುಟ್ಟಿತೆಂದರೆ, ಆ ರಾತ್ರಿ ಅವನ ಪಕ್ಕದಲ್ಲಿ ಮಲಗಲು ಮನಸ್ಸಾಗಲಿಲ್ಲ.

ದೀಪಾವಳಿ ಇನ್ನೇನು ಬಂದೇಬಿಟ್ಟಿತ್ತು. ಒಂದು ದಿನ ಮಾವ ರೊಟ್ಟಿ ಬೇಡವೆಂದರು, ಬಿಸಿ ಹಾಲು ಕೊಟ್ಟೆ. ಲೋಟದೊಳಗೆ ಇಣುಕಿ ನೋಡಿದರು.

"ಹಾಲಿಗಿ ಅರಿಶಿಣ ಯಾಕ ಹಾಕಿದಿ?"

"ಇಲ್ರಿ ಮಾವಾ, ಬರೇ ಹಾಲ್ರಿ."

"ಹಳದಿ ಕಾಣ್ಲತ್ತದಲ್ಲ. ಗ್ವಾಡಿಗೂ ಹಳದಿ ಬಣ್ಣ ಬಳಿಸೀರಿ?"

ಗೋಡೆಗೆ ಹಬ್ಬಕ್ಕೆಂದು ಆಗಷ್ಟೇ ಸುಣ್ಣ ಹೊಡೆಸಿದ್ದೆವು. ಹಾಲಿಗಿಂತ ಬೆಳ್ಳಗಿತ್ತು.

ಹಳದಿ ಎಂಬ ಮಾತಿಗೆ ನನಗೆ ಅವರ ಗುಳಿಗೆ ನೆನಪಾಯಿತು. ಮಾವ ಎದೆಬಡಿತಕ್ಕೆ ಡಿಗಾಕ್ಸಿನ್ ಎಂಬ ಗುಳಿಗೆ ತೆಗೆದುಕೊಳ್ಳುತ್ತಿದ್ದರು, ನಮ್ಮ ಡಾಕ್ಟರು ಬರೆದದ್ದು. ಅದು ನನ್ನ ಲ್ಯಾಬಿನ ಔಬೈನಿಗೆ ದಾಯಾದಿ. ಅದೂ ನಿಲ್ಲಿಸುವುದು ಅದೇ ಪಂಪನ್ನು. ಅಳತೆಯಲ್ಲಿದ್ದರೆ ಎದೆಗೆ ಔಷಧ, ಅಳತೆ ಮೀರಿದರೆ ಅನ್ನ ಕಂಡರೆ ಓಕರಿಕೆ, ಕಣ್ಣಿಗೆಲ್ಲ ಹಳದಿ, ಕೊನೆಗೆ ಎದೆಬಡಿತವೇ ನಿಲ್ಲಬಹುದು. ಆದರೆ ನಮ್ಮ ಮನೆಯಲ್ಲಿ ಸಂಜೆಗೆ ಒಂದೇ ಗುಳಿಗೆ, ನಾನೇ ಕೈಯಾರೆ ಕೊಡುತ್ತಿದ್ದೆ. ಅಳತೆ ಮೀರುವುದಾದರೂ ಹೇಗೆ?

"ಈ ಗುಳಿಗಿ ಬಿಟ್ಟು ಮತ್ತೇನರ ತಗೋತೀರೇನ್ರಿ?"

ಮಾವ ಲೋಟವನ್ನು ದೂರ ಸರಿಸಿದರು. ಎರಡನೆಯ ಸಲ ಕೇಳಿದಾಗ ಸೊಂಟದ ಚಂಚಿ ಬಿಚ್ಚಿದರು. ಅಡಿಕೆ ಹೋಳು, ಲವಂಗಗಳ ನಡುವೆ ಗುಳಿಗೆಯ ಇನ್ನೊಂದು ಹಾಳೆ. ನಾಸಿಕದ ಡಾಕ್ಟರು ಬರೆದದ್ದು, ಭಾವ ತಂದುಕೊಟ್ಟದ್ದು. ಹೆಸರು ಬೇರೆ, ಕಂಪನಿ ಬೇರೆ. ಹಿಂದೆ ಸಣ್ಣಕ್ಷರದಲ್ಲಿ ಮಾತ್ರ ಅದೇ ಡಿಗಾಕ್ಸಿನ್. ಯಾವ ಮನೆಯಲ್ಲಿದ್ದರೂ ಬೆಳಿಗ್ಗೆ ನಾಸಿಕದ್ದು, ಸಂಜೆ ಸಂಭಾಜಿನಗರದ್ದು.

"ಡಾಕ್ಟರಿಗಿ ಯಾಕ ಹೇಳಲಿಲ್ಲರಿ?"

"ಇಬ್ಬರೂ ಮಕ್ಕಳು ತಂದು ಕೊಟ್ಟಾರ. ಒಬ್ಬಂದು ನುಂಗಿ ಒಬ್ಬಂದು ಬಿಟ್ರ, ಬಿಟ್ಟಾಂವ ಏನ್ ತಿಳ್ಕೋತಾನ?"

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಎರಡೂ ಹಾಳೆ ಹಿಡಿದು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ನಾಡಿ ಹಿಡಿದ ಡಾಕ್ಟರ ಮುಖ ಬಿಗಿಯಿತು. ಎದೆ ಬಡಿಯುವುದು ತೀರ ನಿಧಾನವಾಗಿತ್ತು. ಎರಡೂ ಗುಳಿಗೆ ನಿಲ್ಲಿಸಿ ಮಲಗಿಸಿಕೊಂಡರು. ರಕ್ತದಲ್ಲಿ ಔಷಧ ವಿಪರೀತ ಏರಿದೆ ಎಂದು ಮರುದಿನ ವರದಿ ಬಂತು.

ಪರೀಕ್ಷೆಗೆ ತೆಗೆದ ರಕ್ತದಲ್ಲಿ ಸ್ವಲ್ಪ ಕೇಳಿಕೊಂಡು ನಾನು ಲ್ಯಾಬಿಗೆ ಒಯ್ದೆ. ಕಣಗಳನ್ನು ಎಂದಿನಂತೆ ತೊಳೆದೆ, ಎಂದಿನಂತೆ ಎರಡು ನಳಿಕೆಗೆ ಹಂಚಿದೆ. ಬೇರೆಯವರ ರಕ್ತದಲ್ಲಿ ಆ ಎರಡು ನಳಿಕೆಗಳಿಗೆ ಅಜಗಜಾಂತರ. ಮಾವನ ರಕ್ತದಲ್ಲಿ ಏನೂ ಹಾಕದ ನಳಿಕೆಯೂ ಹೆಚ್ಚುಕಡಿಮೆ ವಿಷ ಹಾಕಿದ ನಳಿಕೆಯಂತೆಯೇ ಇತ್ತು. ಪಂಪು ಅವರ ಮೈಯೊಳಗೇ ನಿಂತುಹೋಗಿತ್ತು. ಸಂಜೆ ಗಂಡನಿಗೆ ಆ ಅಂಕಿಗಳನ್ನು ತೋರಿಸಿದೆ, ಇದು ನನ್ನ ಕೈಯ ವಾಸನೆಯಲ್ಲ, ನೀವಿಬ್ಬರು ಅಣ್ಣತಮ್ಮ ತಂದುಕೊಟ್ಟ ಗುಳಿಗೆಗಳ ಕೆಲಸ ಎಂದೆ.

"ನಿನ್ನ ಲ್ಯಾಬು ನಿನ್ನ ಕಡೀನೇ ಮಾತಾಡ್ತದ ಬಿಡು" ಎಂದ.

ವಾರ ಕಳೆಯುವುದರೊಳಗೆ ಮಾವನಿಗೆ ಹಸಿವು ಬಂತು. ಹಾಲು ಬೆಳ್ಳಗೆ ಕಂಡಿತು. ಆಸ್ಪತ್ರೆಯ ಮಂಚದ ಮೇಲೆ ಕಾಲು ಮಡಚಿ ಕುಳಿತು ನನ್ನ ಕೈಯ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ ಉಂಡರು. ಮೂಸಲಿಲ್ಲ. ಗುಳಿಗೆ ಎರಡೂ ಮನೆಯಲ್ಲಿ ಒಂದೇ ಲೆಕ್ಕ ಎಂಬುದು ಆಗ ನನ್ನ ತಲೆಗೆ ಹೊಳೆಯಿತು. ಹಾಗಾದರೆ ನಾಸಿಕದ ಆ ಎರಡೆರಡು ರೊಟ್ಟಿ?

"ಮಾವಾ, ನಾಸಿಕದಾಗ ಖರೇನೇ ಉಣ್ತಿದ್ರೇನ್ರಿ?"

ತುತ್ತು ನುಂಗಿ, ನೀರು ಕುಡಿದು ಹೇಳಿದರು: "ಎಲ್ಲೀದು ಬಂತವ್ವ. ಅಲ್ಲೀನೂ ಬಾಯಾಗ ಇಡ್ಲಾಕ ಆಗ್ತಿದ್ದಿಲ್ಲ. ಮುದ್ದಿ ಮಾಡಿ ಖಿಡಕಿಯಿಂದ ನಾಯಿಗಿ ಒಗೀತಿದ್ದೆ. ದೊಡ್ಡ ಸೊಸಿಗಿ ಗೊತ್ತಿತ್ತು, ಇಬ್ಬರೂ ಸುಮ್ಮ ಇದ್ದೆವು."

"ಮತ್ತ ನನ್ನ ಮ್ಯಾಲ ಯಾಕ ಹಾಕಿದ್ರಿ?"

"ಆಕಿಗಿ ಅಂದ್ರ ಮನಸ್ಸಿಗಿ ಹತ್ತತದ, ಆಕಿ ಅಡಗಿ ಬಿಟ್ರ ಮತ್ತೇನು ಮಾಡಂಗಿಲ್ಲ. ನೀ ಹೆಂಗೂ ರಕ್ತದಾಗ ಕೈ ಹಾಕಾಕಿ. ನಿನ್ನ ಹೆಸರು ಹೇಳಿದ್ರ ಯಾರೂ ಮುಂದ ಕೇಳಂಗಿಲ್ಲ."

ಇನ್ನರ್ಧ ರೊಟ್ಟಿ ಕೊಡು ಎಂದು ತಟ್ಟೆ ಮುಂದೆ ಹಿಡಿದರು. ಕೊಟ್ಟೆ. ಮಕ್ಕಳಿಬ್ಬರ ನಡುವೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಮಾಡದ ಮನುಷ್ಯ ಸೊಸೆಯರ ವಿಷಯಕ್ಕೆ ತಕ್ಕಡಿಯನ್ನೇ ಎತ್ತಿಟ್ಟಿದ್ದ. ಅವರು ಅಗಿಯುತ್ತಿದ್ದ ಸದ್ದು ಕೇಳಿ, ಮೊದಲ ಸಲ, ಓಕರಿಕೆ ನನಗೆ ಬಂತು.

ದೀಪಾವಳಿ ಬಂತು, ಹೋಯಿತು. ಲ್ಯಾಬ್ ಬಿಡುವ ಮಾತನ್ನು ಯಾರೂ ಎತ್ತಲಿಲ್ಲ, ತಪ್ಪಾಯಿತು ಎಂಬ ಮಾತನ್ನೂ ಎತ್ತಲಿಲ್ಲ. ನೆಗೆಣ್ಣಿ ಫೋನಿನಲ್ಲಿ ಕರದಂಟಿನ ಪಾಕ ಕೇಳಿದಳು. ನನ್ನ ಡಿಗ್ರಿ ಮುಗಿಯಿತು. ಮಾವ ಆಮೇಲೂ ಬಹಳ ವರ್ಷ ಬದುಕಿದರು. ಬಂದವರೆದುರೆಲ್ಲ "ನಮ್ಮ ಸಣ್ಣ ಸೊಸಿ ಕೈರುಚಿ ಭಾಳ ಚಲೋ" ಎನ್ನುತ್ತಿದ್ದರು. ಈಗ ಅವರಿಲ್ಲ, ರಕ್ತ ಮುಟ್ಟಿ ನನಗೂ ಬಹಳ ಕಾಲವಾಯಿತು. ಆದರೂ ಹಿಟ್ಟಿಗೆ ನೀರು ಹಾಕುವ ಮುಂಚೆ, ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿ, ನಾನು ಇವತ್ತಿಗೂ ಕೈ ಮೂಸಿಕೊಳ್ಳುತ್ತೇನೆ.